ದೊಡ್ಡ ಡೌನ್‌ಲೋಡ್ ಹಚ್ಚಿದ್ರೆ ರೂಟರ್ ಯಾಕೆ ಬೀಳ್ತದ?

ಉಮರ್ಗಾ ಇರಲಿ, ನಿಲಂಗಾ ಇರಲಿ, ಉದಗೀರ ಇರಲಿ, ಈಗ ಬಹಳ ಮನೆಗಳಲ್ಲಿ ಗೋಡೆಗೆ ಒಂದು ಪುಟ್ಟ ಡಬ್ಬಿ ನೇತಾಡ್ತಿರ್ತದೆ. ಎರಡೋ ನಾಲ್ಕೋ ಕೊಂಬು, ಸಾಲಾಗಿ ಹಸಿರು ದೀಪ. ಅದೇ ರೂಟರ್. ದಿನವಿಡೀ ಅದರ ಸುದ್ದಿಗೆ ಯಾರೂ ಹೋಗೋದಿಲ್ಲ. ವಾಟ್ಸಾಪ್ ನಡೀತದೆ, ಯೂಟ್ಯೂಬ್ ನಡೀತದೆ. ಆದರೆ ಬೇಸಿಗೆ ರಜೆಗೆ ಪುಣೆಯಿಂದ ಕಾಕಾನ ಮಗ ಲ್ಯಾಪ್‌ಟಾಪ್ ತಗೊಂಡು ಬಂದು ಒಂದು ದೊಡ್ಡ ಗೇಮ್ ಡೌನ್‌ಲೋಡಿಗೆ ಹಚ್ಚಿದ ಅಂದ್ರೆ, ಅರ್ಧ ತಾಸಿನೊಳಗೆ ದೀಪಗಳೆಲ್ಲ ಆರಿ ಮತ್ತೆ ಒಂದೊಂದಾಗಿ ಹತ್ತುತ್ತವೆ. ಅದೇ ಹೊತ್ತಿಗೆ ಅಕ್ಕ ಕಾಲೇಜು ಪ್ರವೇಶದ ಅರ್ಜಿಯ ಕೊನೆಯ ಪುಟದಲ್ಲಿರ್ತಾಳೆ. ತುಂಬಿದ್ದೆಲ್ಲ ಹೋಯ್ತು. ಅವತ್ತೇ ಅರ್ಜಿಯ ಕೊನೆಯ ದಿನ ಆಗಿದ್ರೆ ಮನೆಯಲ್ಲಿ ಏನು ಮಾತು ಬರ್ತದೆ ಅನ್ನೋದು ನಿಮಗೇ ಗೊತ್ತು: “ಆ ಗೇಮೇ ರೂಟರ್ ಕೆಡಿಸ್ತು!”

ಈ ಆರೋಪ ನಿಜವೇ? ನನ್ನ ಪ್ರಕಾರ ಅರ್ಧ ಮಾತ್ರ ನಿಜ. ಗೇಮ್ ರೂಟರನ್ನು ಕೆಡಿಸೋದಿಲ್ಲ. ರೂಟರಿನಲ್ಲಿ ಮೊದಲೇ ಇದ್ದ ಸೊಟ್ಟನ್ನು ಅದು ಹೊರಗೆ ಹಾಕ್ತದೆ, ಅಷ್ಟೇ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ಎಲ್ಲ ಒಮ್ಮೆಗೇ ಇಳಿಸಿಕೊಂಡ್ರೂ, ದೀಕ್ಷಾ ಆ್ಯಪಿನ ಪಾಠದ ವಿಡಿಯೋಗಳನ್ನು ಸಾಲಾಗಿ ಹಚ್ಚಿದ್ರೂ, ಮನೆಯ ಮೂರು ಫೋನು ಒಂದೇ ರಾತ್ರಿ ಅಪ್‌ಡೇಟ್ ಆದ್ರೂ ಅದೇ ರೂಟರ್ ಹಾಗೇ ಬೀಳಬಹುದು. ಗೇಮ್ ಬಹಳ ದೊಡ್ಡದು, ಅದಕ್ಕೇ ಸಿಕ್ಕಿಬೀಳ್ತದೆ.

ಎಷ್ಟು ದೊಡ್ಡದು? ವಹಿ ತಗೊಂಡು ಲೆಕ್ಕ ಹಾಕಿ. ಇಂದಿನ ಕೆಲವು ಕಂಪ್ಯೂಟರ್ ಗೇಮ್‌ಗಳು 100 ಜಿಬಿ ದಾಟ್ತವೆ. ನಿಮ್ಮ ಲೈನ್ 50 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ. ಇಲ್ಲಿ ಒಂದು ಗೊಂದಲ ಇದೆ, ಬಹಳ ಜನ ಇದರಲ್ಲೇ ಎಡವುತ್ತಾರೆ: ಜಿಬಿಯಲ್ಲಿರುವ ‘ಬಿ’ ಬೈಟ್, ಎಂಬಿಪಿಎಸ್‌ನಲ್ಲಿರುವ ‘ಬಿ’ ಬಿಟ್. 8 ಬಿಟ್ ಸೇರಿದ್ರೆ 1 ಬೈಟ್. ಹಾಗಾಗಿ 100 ಜಿಬಿ ಅಂದ್ರೆ 800 ಗಿಗಾಬಿಟ್. ಇದನ್ನು ಸೆಕೆಂಡಿಗೆ 50 ಮೆಗಾಬಿಟ್‌ನಿಂದ ಭಾಗಿಸಿ. 16,000 ಸೆಕೆಂಡು, ಹತ್ತಿರ ಹತ್ತಿರ ನಾಲ್ಕೂವರೆ ತಾಸು. ಈ ಮಾಹಿತಿ ಒಂದೇ ಗಂಟಾಗಿ ಬರೋದಿಲ್ಲ, ಸಾಮಾನ್ಯವಾಗಿ 1,500 ಬೈಟ್‌ಗಿಂತ ದೊಡ್ಡದಲ್ಲದ ಪೊಟ್ಟಣಗಳಾಗಿ ಬರ್ತದೆ. ಅಂದ್ರೆ ಒಟ್ಟು ಸುಮಾರು 6 ಕೋಟಿ 67 ಲಕ್ಷ ಪೊಟ್ಟಣ, ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು. ಒಂದೊಂದರ ಮೇಲಿನ ವಿಳಾಸ ಓದಿ, ತಿದ್ದಿ, ಸರಿಯಾದ ಫೋನಿಗೋ ಲ್ಯಾಪ್‌ಟಾಪಿಗೋ ದಾಟಿಸೋದು ಆ ಪುಟ್ಟ ಡಬ್ಬಿಯ ಕೆಲಸ. ಯೂಟ್ಯೂಬ್ ನೋಡುವಾಗ ರೂಟರಿಗೆ ನಡುನಡುವೆ ಉಸಿರಾಡಲು ಪುರುಸೊತ್ತು ಸಿಗ್ತದೆ. ವಿಡಿಯೋ ಸ್ವಲ್ಪ ತುಂಬಿಕೊಂಡು ನಿಲ್ತದೆ, ಮತ್ತೆ ತುಂಬಿಕೊಳ್ತದೆ. ಗೇಮ್ ಡೌನ್‌ಲೋಡಿನಲ್ಲಿ ನಾಲ್ಕೂವರೆ ತಾಸು ಪುರುಸೊತ್ತೇ ಇಲ್ಲ.

ರೂಟರ್ ಅಂದ್ರೆ ಒಂದು ಸಣ್ಣ ಕಂಪ್ಯೂಟರ್. ಒಳಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ವೈಫೈಗಾಗಿ ರೇಡಿಯೋ ಇದೆ. ಪರದೆ ಇಲ್ಲ, ಹಾಗಾಗಿ ಏನು ನೋವಾಗ್ತಿದೆ ಅಂತ ಹೇಳಲು ಅದಕ್ಕೆ ದೀಪಗಳನ್ನು ಬಿಟ್ಟು ಬೇರೆ ಬಾಯಿಲ್ಲ. ಅದಕ್ಕೇ ಮೊದಲು ಆ ದೀಪಗಳನ್ನು ನೋಡೋದು ಕಲೀಬೇಕು.

‘ನೆಟ್ ಹೋಯ್ತು’ ಅಂತ ನಾವು ಒಂದೇ ಮಾತಿನಲ್ಲಿ ಅಂತೀವಲ್ಲ, ಅದರೊಳಗೆ ಮೂರು ಬೇರೆ ಬೇರೆ ರೋಗ ಇರ್ತವೆ. ದೀಪಗಳೆಲ್ಲ ಆರಿ ಮತ್ತೆ ಹತ್ತಿದ್ರೆ ರೂಟರ್ ತಾನೇ ಬಿದ್ದು ಎದ್ದಿದೆ. ದೀಪಗಳು ಹತ್ತಿಯೇ ಇದ್ದು, ಫೋನಿನಲ್ಲಿ ವೈಫೈ ಗುರುತೂ ಇದ್ದು, ಯಾವ ಪುಟವೂ ತೆರೆಯದಿದ್ದರೆ, ಬ್ರೌಸರಿನಲ್ಲಿ 192.168.1.1 ಅಂತ ಬರೆದು ನೋಡಿ. ಕೆಲವು ರೂಟರಿಗೆ 192.168.0.1, ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರ್ತದೆ. ಇದು ರೂಟರಿನ ಸ್ವಂತ ಮನೆ. ಆ ಪುಟ ತೆರೆದ್ರೆ ರೂಟರ್ ಬದುಕಿದೆ, ತೊಂದರೆ ಹೊರಗಿನ ಲೈನಿನದ್ದಿರಬಹುದು. ಅದೂ ತೆರೆಯದಿದ್ರೆ ರೂಟರಿನ ತಲೆ ನಿಂತುಹೋಗಿದೆ, ದೀಪ ಮಾತ್ರ ಹತ್ತಿಕೊಂಡಿವೆ. ಫೈಬರ್ ಲೈನಾಗಿದ್ದು ‘ಎಲ್‌ಓಎಸ್’ ಅನ್ನುವ ಕೆಂಪು ದೀಪ ಮಿಟುಕುತ್ತಿದ್ದರೆ ಬೆಳಕೇ ರೂಟರಿಗೆ ಬರ್ತಿಲ್ಲ. ಗಾಜಿನ ಎಳೆ ಎಲ್ಲೋ ಮಡಚಿದೆ, ಇಲ್ಲಾ ತುಂಡಾಗಿದೆ. ಅದು ನಮ್ಮ ಇಂದಿನ ವಿಷಯ ಅಲ್ಲ. ಇನ್ನು ಮೂರನೆಯದು: ಯಾವುದೂ ಬಿದ್ದಿಲ್ಲ, ಎಲ್ಲಾ ನಡೀತಿದೆ, ಆದರೆ ಆಮೆಯ ಹಾಗೆ. ಜನ ಇದನ್ನೂ ‘ಬಂದ್ ಆಯ್ತು’ ಅಂತಾರೆ. ಇದರ ಕಥೆ ಬಹಳ ಸ್ವಾರಸ್ಯದ್ದು, ಕೊನೆಗೆ ಬರ್ತೀನಿ.

ಮೊದಲು ಬಿದ್ದು ಏಳುವ ರೂಟರನ್ನು ನೋಡೋಣ. ನಮ್ಮ ಭಾಗದಲ್ಲಿ ನಾನು ಮೊದಲು ಅನುಮಾನಪಡೋದು ಬಿಸಿಲನ್ನು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟೋದು ಏನೂ ಹೊಸದಲ್ಲ. ಮನೆಬಳಕೆಯ ಬಹಳಷ್ಟು ರೂಟರ್‌ಗಳ ಕಾಗದದಲ್ಲಿ ‘0ರಿಂದ 40 ಡಿಗ್ರಿ’ ಅಂತಲೇ ಬರೆದಿರ್ತದೆ. ಅದು ಕೋಣೆಯ ಗಾಳಿಯ ತಾಪಮಾನ, ಒಳಗಿನ ಚಿಪ್ಪಿನದ್ದಲ್ಲ. ಕೆಲಸ ಹೆಚ್ಚಾದಾಗ ಚಿಪ್ಪು ಕೋಣೆಗಿಂತ 35 ಡಿಗ್ರಿ ಹೆಚ್ಚು ಬಿಸಿಯಾಗ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಡಿಸೆಂಬರಿನ 26 ಡಿಗ್ರಿಯ ಕೋಣೆಯಲ್ಲಿ ಅದು 61. ಮೇ ತಿಂಗಳ 42ರ ಕೋಣೆಯಲ್ಲಿ 77. ಪತ್ರಾದ ಕೆಳಗೆ ಕೋಣೆ ಇನ್ನೂ ಬಿಸಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಔಸಾ, ಉಮರ್ಗಾ ತಾಲೂಕುಗಳ ಕಲ್ಲು-ಮಣ್ಣಿನ ದಪ್ಪ ಗೋಡೆಯ ಮನೆಗಳು ಕುಸಿದು ಸಾವಿರಾರು ಜನ ಸತ್ತದ್ದನ್ನು ನಿಮ್ಮ ಮನೆಯ ಹಿರಿಯರು ಹೇಳಿರಬೇಕು. ಆಮೇಲೆ ಈ ಕಡೆ ಜನ ಅಂಥ ಮನೆಗಳಿಗೆ ಅಂಜಿ ಸಿಮೆಂಟು, ಪತ್ರಾದ ಕಡೆ ಹೊರಳಿದರು. ಹೊರಳಿದ್ದು ಸರಿಯೇ. ಆದರೆ ಹಳೆಯ ದಪ್ಪ ಗೋಡೆಗಳ ತಂಪು ಹೋಯ್ತು. (ಆ ಗೋಡೆಗಳು ವೈಫೈಯನ್ನು ಅಡ್ಡಗಟ್ಟುತ್ತಿದ್ದವು ಅನ್ನೋದು ಬೇರೆ ಮಾತು!)

ಚಿಪ್ಪು ಅತಿಯಾಗಿ ಬಿಸಿಯಾದ್ರೆ ಅದರೊಳಗೆ ಸೋರಿಕೆಯ ವಿದ್ಯುತ್ತು ಹೆಚ್ತದೆ, ಅದರಿಂದ ಇನ್ನಷ್ಟು ಬಿಸಿ, ಕೊನೆಗೆ ಲೆಕ್ಕ ತಪ್ಪಿ ರೂಟರ್ ನಿಲ್ತದೆ ಇಲ್ಲಾ ಪುನಃ ಶುರುವಾಗ್ತದೆ. ಬಿಸಿಯ ಗುರುತು ಏನು? ಡೌನ್‌ಲೋಡ್ ಹಚ್ಚಿ ಎಷ್ಟು ನಿಮಿಷಕ್ಕೆ ಬಿತ್ತು ಅಂತ ಬರೆದಿಡಿ. ಎದ್ದ ಕೂಡಲೇ ಮತ್ತೆ ಹಚ್ಚಿ. ಮೊದಲ ಸಲ 30 ನಿಮಿಷ ತಡೆದದ್ದು ಎರಡನೇ ಸಲ 8 ನಿಮಿಷಕ್ಕೇ ಬಿದ್ರೆ ಬಿಸಿಯೇ ಇರಬೇಕು, ಯಾಕೆಂದ್ರೆ ಈ ಸಲ ಅದು ಬಿಸಿಯಿಂದಲೇ ಶುರು ಮಾಡಿದೆ. ಈಗ ಅದೇ ಡೌನ್‌ಲೋಡನ್ನು ಟೇಬಲ್ ಫ್ಯಾನಿನ ಎದುರು ಮಾಡಿ ನೋಡಿ. ತಾಸುಗಟ್ಟಲೆ ತಡೆದ್ರೆ ಉತ್ತರ ಸಿಕ್ಕಿತು. ಆಮೇಲೆ ಫ್ಯಾನ್ ಬೇಕಾಗಿಲ್ಲ. ಟಿವಿ ಮೇಲಿಂದ, ಸೆಟ್‌ಟಾಪ್ ಬಾಕ್ಸಿನ ಬೆನ್ನ ಮೇಲಿಂದ ಅದನ್ನು ಇಳಿಸಿ, ತೂತುಗಳ ಧೂಳು ಒಣ ಬ್ರಶ್ಶಿನಿಂದ ತೆಗೆದು, ಗಾಳಿಯಾಡುವ ಗೋಡೆಗೆ ಹಾಕಿ. ಧೂಳು ಕೂಡಬಾರದು ಅಂತ ಅವ್ವ ಹೊದಿಸಿದ ಕಸೂತಿ ಬಟ್ಟೆಯನ್ನು ಮರ್ಯಾದೆಯಿಂದ ತೆಗೆದು ಮಡಚಿ ಕೊಡಿ. ತಂಪಾಗಲಿ ಅಂತ ಒದ್ದೆ ಬಟ್ಟೆ ಮಾತ್ರ ಯಾವತ್ತೂ ಹಾಕಬೇಡಿ.

ಎರಡನೇ ಅನುಮಾನ ಅಡಾಪ್ಟರ್. ರಿಪೇರಿ ಅಂಗಡಿಯಲ್ಲಿ ‘ರೂಟರೇ ಹೋಗ್ಯದ, ಹೊಸದು ತಗೋ’ ಅನ್ನಿಸಿಕೊಂಡ ಎಷ್ಟೋ ರೂಟರಿನಲ್ಲಿ ಕೆಟ್ಟಿರೋದು ಗೋಡೆಗೆ ಚುಚ್ಚಿದ ಆ ಕರಿ ಗಟ್ಟಿ ಅಷ್ಟೇ ಇರಬಹುದು. ಹೊಲದಲ್ಲಿ ಪಂಪು ಶುರುವಾದ ಕ್ಷಣ ಕೊಟ್ಟಿಗೆಯ ಬಲ್ಬು ಮಂಕಾಗೋದನ್ನು ನೋಡೀರಲ್ಲ? ಪಂಪು ಒಮ್ಮೆಗೇ ಹೆಚ್ಚು ವಿದ್ಯುತ್ತು ಎಳೀತದೆ, ತಂತಿಯ ರೋಧದಲ್ಲಿ ವೋಲ್ಟೇಜ್ ಕಳೆದುಹೋಗ್ತದೆ, ಬಲ್ಬಿಗೆ ಕಡಿಮೆ ಉಳೀತದೆ. ಓಮ್‌ನ ನಿಯಮ, ಮತ್ತೇನಿಲ್ಲ. ಬಳಲಿದ ಅಡಾಪ್ಟರಿನೊಳಗೂ ಹೀಗೇ. 12 ವೋಲ್ಟಿನ ಅಡಾಪ್ಟರಿನ ಒಳರೋಧ 2 ಓಮ್‌ಗೆ ಏರಿದೆ ಅಂತ ಲೆಕ್ಕಕ್ಕೆ ಹಿಡಿಯಿರಿ. ರೂಟರ್ ಸುಮ್ಮನಿದ್ದು 0.4 ಆ್ಯಂಪಿಯರ್ ಎಳೆದಾಗ 0.8 ವೋಲ್ಟು ಕಳೆದು 11.2 ಸಿಗ್ತದೆ, ನಡೀತದೆ. ಡೌನ್‌ಲೋಡಿನ ಭರಾಟೆಯಲ್ಲಿ ಪ್ರೊಸೆಸರೂ ವೈಫೈ ರೇಡಿಯೋನೂ ಸೇರಿ 1 ಆ್ಯಂಪಿಯರ್ ಎಳೆದ್ರೆ 2 ವೋಲ್ಟು ಕಳೆದು 10ಕ್ಕೆ ಇಳೀತದೆ. ಕ್ಷಣಮಾತ್ರ ಇನ್ನೂ ಕೆಳಗೆ ಜಾರಿದ್ರೆ ಪ್ರೊಸೆಸರ್ ನಿದ್ದೆಯಿಂದ ಎದ್ದವರ ಹಾಗೆ ಮೊದಲಿನಿಂದ ಶುರು ಮಾಡ್ತದೆ.

ಅಡಾಪ್ಟರ್ ಯಾಕೆ ಬಳಲ್ತದೆ? ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ದ್ರವ ಇರ್ತದೆ, ವರ್ಷಗಳು ಹೋದ ಹಾಗೆ ಅದು ಒಣಗ್ತದೆ. ಎಂಜಿನಿಯರುಗಳು ಹಿಡಿಯುವ ಒಂದು ಅಂದಾಜಿನ ಲೆಕ್ಕ ಇದೆ: ತಾಪಮಾನ 10 ಡಿಗ್ರಿ ಏರಿದ್ರೆ ಈ ಕೆಪಾಸಿಟರಿನ ಆಯುಷ್ಯ ಅರ್ಧ. ಹಾಗಾಗಿ ಬಿಸಿಲೂ ಅಡಾಪ್ಟರೂ ಬೇರೆ ಬೇರೆ ಕಾರಣ ಅಂತ ಅನಿಸಿದ್ರೂ ಒಂದೇ ಮನೆತನದವು.

ಇದನ್ನು ಮಲ್ಟಿಮೀಟರಿನಿಂದ ಅಳೀಬಹುದು, ಆದರೆ ಒಂದು ಮೋಸ ಇದೆ. ರೂಟರಿಗೆ ಜೋಡಿಸದೇ ಅಡಾಪ್ಟರಿನ ತುದಿಯನ್ನು ಅಳೆದ್ರೆ ಕೆಟ್ಟದ್ದೂ ಚೆಂದಾಗಿ 12 ತೋರಿಸ್ತದೆ. ವಿದ್ಯುತ್ತು ಎಳೆದೇ ಇಲ್ಲ, ಕಳೆಯೋದು ಹೇಗೆ? ಪರೀಕ್ಷೆ ಬರೆಯದ ಹುಡುಗನಿಗೆ ಫೇಲಾಗುವ ಭಯ ಇಲ್ಲದ ಹಾಗೆ ಇದು. ಆದ್ದರಿಂದ ಅಳೆಯೋದಕ್ಕಿಂತ ಬದಲಿಸಿ ನೋಡೋದು ಒಳ್ಳೇದು. ಪಕ್ಕದ ಮನೆಯಿಂದ ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆ್ಯಂಪಿಯರಿನ, ಪಿನ್ನಿನ ಧ್ರುವವೂ ಹೊಂದುವ ಅಡಾಪ್ಟರ್ ಒಂದು ಸಂಜೆಗೆ ಕೇಳಿ ತನ್ನಿ. ವೋಲ್ಟು ತಂತೋತಂತು ಇರಬೇಕು. ಆ್ಯಂಪಿಯರ್ ಹೆಚ್ಚಿದ್ರೆ ನಡೀತದೆ, ಕಡಿಮೆ ಇರಬಾರದು. 12 ವೋಲ್ಟು, 1.5 ಆ್ಯಂಪಿಯರ್ ಬೇಡುವ ರೂಟರಿಗೆ ಹಳೇ ಸೆಟ್‌ಟಾಪ್ ಬಾಕ್ಸಿನ 1 ಆ್ಯಂಪಿಯರ್ ಗಟ್ಟಿ ಚುಚ್ಚಿದ್ರೆ ಸುಮ್ಮನಿದ್ದಾಗ ನಡೆದು ಗೇಮ್ ಹಚ್ಚಿದಾಗ ಬೀಳ್ತದೆ. ಲೋಡ್ ಶೆಡ್ಡಿಂಗ್‌ಗೆ ಅಂತ ನಡುವೆ ಪುಟ್ಟ ಯುಪಿಎಸ್ ಇಟ್ಟವರೂ ಒಮ್ಮೆ ಅದನ್ನು ತೆಗೆದು, ನೇರ ಜೋಡಿಸಿ ನೋಡಬೇಕು. ಅಡಾಪ್ಟರನ್ನು ಬಿಚ್ಚಬೇಡಿ. ಒಳಗೆ ಬರೋದು 230 ವೋಲ್ಟು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರ್ತದೆ.

ಮೂರನೇ ಕಾರಣ ಕಣ್ಣಿಗೂ ಕಾಣೋದಿಲ್ಲ, ಕೈಗೂ ಸಿಗೋದಿಲ್ಲ. ಒಂದು ಹಾಸ್ಟೆಲ್ ಕಲ್ಪಿಸಿಕೊಳ್ಳಿ. ನೂರು ಹುಡುಗರು, ಆದರೆ ಅಂಚೆಯ ವಿಳಾಸ ಒಂದೇ. ಯಾರೇ ಪತ್ರ ಹಾಕಿದ್ರೂ ವಾರ್ಡನ್ ಸರ್ ಅದರ ಮೇಲೆ ಹಾಸ್ಟೆಲಿನ ವಿಳಾಸ, ಒಂದು ನಂಬರು ಬರೆದು, ತಮ್ಮ ರಿಜಿಸ್ಟರಿನಲ್ಲಿ ‘ಈ ನಂಬರು ಇಂಥ ಕೋಣೆಯ ಇಂಥ ಹುಡುಗನದ್ದು’ ಅಂತ ಬರೆದಿಟ್ಟುಕೊಳ್ತಾರೆ. ಉತ್ತರ ಬಂದಾಗ ನಂಬರು ನೋಡಿ ಹುಡುಗನಿಗೆ ಮುಟ್ಟಿಸ್ತಾರೆ. ನಿಮ್ಮ ರೂಟರ್ ಅದೇ ವಾರ್ಡನ್. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸ 32 ಬಿಟ್‌ನದ್ದು. 2ರ 32ನೇ ಘಾತ ಅಂದ್ರೆ 429 ಕೋಟಿ ಚಿಲ್ಲರೆ. ಭೂಮಿಯ ಮೇಲಿನ ಜನಸಂಖ್ಯೆಗೂ ಸಾಲದು, ಪ್ರತಿ ಫೋನಿಗೆ ಎಲ್ಲಿಂದ ತರೋದು? ಅದಕ್ಕೇ 1994ರಲ್ಲಿ ಒಂದು ವಿಳಾಸದ ಹಿಂದೆ ಅನೇಕ ಯಂತ್ರಗಳನ್ನು ಇಡುವ ಈ ಉಪಾಯವನ್ನು ದಾಖಲೆಯಾಗಿ ಪ್ರಕಟಿಸಿದರು. ಇದಕ್ಕೆ ನ್ಯಾಟ್ ಅಂತ ಹೆಸರು. 192.168ರಿಂದ ಶುರುವಾಗುವ ವಿಳಾಸಗಳು ಹಾಸ್ಟೆಲಿನೊಳಗಿನ ಕೋಣೆ ನಂಬರು ಇದ್ದ ಹಾಗೆ. ನಿಮ್ಮ ಮನೆಯಲ್ಲೂ ಅದೇ, ಪಕ್ಕದ ಮನೆಯಲ್ಲೂ ಅದೇ.

ರಿಜಿಸ್ಟರಿಗೆ ಪುಟಗಳು ಎಷ್ಟು? ಅಗ್ಗದ ರೂಟರಿನ ಮೆಮೊರಿ ಸಣ್ಣದು, ಪುಟಗಳೂ ಕಡಿಮೆ. ಯೂಟ್ಯೂಬ್ ಕೆಲವೇ ಸಾಲು ತುಂಬಿಸ್ತದೆ. ಆದರೆ ಟೊರೆಂಟ್ ಮಾದರಿಯ ಡೌನ್‌ಲೋಡು ನೂರಾರು ಕಡೆಯಿಂದ ಒಂದೊಂದು ತುಣುಕು ತರಿಸ್ತದೆ, ನೂರಾರು ಸಾಲು. ಕೆಲಸ ಮುಗಿದ ಸಾಲನ್ನೂ ರೂಟರ್ ಕೂಡಲೇ ಅಳಿಸೋದಿಲ್ಲ, ತಡವಾಗಿ ಉತ್ತರ ಬಂದೀತು ಅಂತ ಸ್ವಲ್ಪ ಹೊತ್ತು ಕಾಯ್ತದೆ. ರಿಜಿಸ್ಟರ್ ತುಂಬಿದ್ರೆ ಹೊಸ ಪತ್ರಕ್ಕೆ ಜಾಗ ಇಲ್ಲ. ಆಗ ವಿಚಿತ್ರ ಲಕ್ಷಣ ಕಾಣ್ತದೆ: ಗೇಮ್ ಇಳೀತಾನೇ ಇರ್ತದೆ, ಅಕ್ಕನ ಅರ್ಜಿಯ ಪುಟ ಮಾತ್ರ ತೆರೆಯೋದಿಲ್ಲ. ಹಳೇ ಸಾಲಿನವರು ಒಳಗೆ, ಹೊಸಬರು ಹೊರಗೆ. ಕೆಲವು ರೂಟರ್ ಇಷ್ಟಕ್ಕೇ ತಲೆ ಕೆಟ್ಟು ನಿಂತೂ ಬಿಡ್ತದೆ. ಪರೀಕ್ಷೆ ಸರಳ. ಡೌನ್‌ಲೋಡರಿನ ಸೆಟ್ಟಿಂಗಿನಲ್ಲಿ ಕನೆಕ್ಷನ್ನುಗಳ ಸಂಖ್ಯೆ ಇಳಿಸಿ, ವೇಗ ಹಾಗೇ ಬಿಡಿ. ವೇಗ ಅಷ್ಟೇ ಇದ್ದು ಬೀಳೋದು ನಿಂತ್ರೆ ತಪ್ಪು ಬಿಸಿಯದ್ದೂ ಅಲ್ಲ, ಅಡಾಪ್ಟರಿನದ್ದೂ ಅಲ್ಲ, ರಿಜಿಸ್ಟರಿನದ್ದು. ರೂಟರಿನೊಳಗಿನ ತಂತ್ರಾಂಶದಲ್ಲೇ ದೋಷ ಇದ್ದು ಮೆಮೊರಿ ಸೋರುವ ಉದಾಹರಣೆಗಳೂ ಇವೆ. 192.168.1.1ರ ಪುಟದಲ್ಲಿ ಹೊಸ ಫರ್ಮ್‌ವೇರ್ ಇದ್ರೆ ಹಾಕಿಸಬಹುದು, ಆದರೆ ಹಾಕುವಾಗ ಕರೆಂಟ್ ಹೋದ್ರೆ ರೂಟರ್ ಪೂರ್ತಿ ಕಲ್ಲಾಗಿ ಕೂತೀತು. ಕರೆಂಟು ಗಟ್ಟಿಯಾಗಿರುವ ಹೊತ್ತು ನೋಡಿಕೊಂಡು, ಮನೆಯ ದೊಡ್ಡವರ ಎದುರಿಗೇ ಮಾಡಿ.

ಈಗ ಆಮೆಯ ಕಥೆ. ಸಂಜೆ ಹಿಟ್ಟಿನ ಗಿರಣಿಗೆ ಹೋಗಿ. ಒಬ್ಬರು ಮದುವೆ ಮನೆಯವರು ಎಂಟು ಚೀಲ ಗೋಧಿ ಇಳಿಸಿದ್ದಾರೆ. ನಿಮ್ಮ ಕೈಯಲ್ಲಿ ಒಂದು ಡಬ್ಬಿ ಜೋಳ, ರಾತ್ರಿಯ ರೊಟ್ಟಿಗೆ. ಗಿರಣಿ ಕೆಟ್ಟಿಲ್ಲ, ಭರದಿಂದ ಓಡ್ತಿದೆ. ಆದರೂ ನಿಮ್ಮ ಪಾಲಿಗೆ ಅದು ಬಂದ್! ಎಂಟು ಚೀಲ ಮುಗಿಯುವ ತನಕ ನಿಲ್ಲಬೇಕು. ರೂಟರಿನಲ್ಲೂ ಪೊಟ್ಟಣಗಳು ಸರದಿಗೆ ನಿಲ್ಲುವ ಜಾಗ ಇದೆ, ಅದಕ್ಕೆ ಬಫರ್ ಅಂತಾರೆ. ಅಪ್‌ಲೋಡ್ ವೇಗ 2 ಎಂಬಿಪಿಎಸ್ ಇರುವ ಲೈನಿನಲ್ಲಿ 1 ಎಂಬಿ ಬಫರ್ ತುಂಬಿ ನಿಂತ್ರೆ, 8 ಮೆಗಾಬಿಟ್ ಭಾಗಿಸು 2, ಹೊಸದಾಗಿ ಬಂದ ಪೊಟ್ಟಣ 4 ಸೆಕೆಂಡು ಕಾಯಬೇಕು. ವಿಡಿಯೋ ಕರೆಯಲ್ಲಿ 4 ಸೆಕೆಂಡು ಅಂದ್ರೆ ಮಾತೇ ಮುಗೀತು.

ಸರದಿ ಕೆಟ್ಟು ಇಡೀ ಜಾಲವೇ ಕುಸಿದದ್ದೂ ಇದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಇಳಿಯಿತು. ಎರಡರ ನಡುವೆ ದೂರ 400 ಗಜ, ಅಂದ್ರೆ 365 ಮೀಟರ್ ಚಿಲ್ಲರೆ. ನಡೆದು ಹೋಗಿ ಚೀಟಿ ಕೊಟ್ಟು ಬಂದಿದ್ರೂ ಬೇಗ ಆಗ್ತಿತ್ತು. ತಂತಿ ಕಡಿದಿರಲಿಲ್ಲ. ಪೊಟ್ಟಣ ಕಳೆದಾಗ ಪ್ರತಿ ಕಂಪ್ಯೂಟರೂ ಅದನ್ನೇ ಮತ್ತೆ ಮತ್ತೆ ಕಳಿಸ್ತಿತ್ತು, ಅದರಿಂದ ಗದ್ದಲ ಹೆಚ್ಚಾಗಿ ಇನ್ನಷ್ಟು ಕಳೀತಿತ್ತು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರಲ್ಸ್ ಇದಕ್ಕೆ ಮದ್ದು ಹುಡುಕಿದರು, 1988ರಲ್ಲಿ ಅದು ಪ್ರಕಟವಾಯ್ತು: ಮೆಲ್ಲಗೆ ಶುರು ಮಾಡು, ಸರಾಗವಾಗಿದ್ರೆ ಹೆಚ್ಚಿಸು, ಪೊಟ್ಟಣ ಕಳೆದ್ರೆ ‘ದಾರಿ ಗಿಜಿಗುಡ್ತಿದೆ’ ಅಂತ ತಿಳಿದು ಕೈ ಹಿಡಿ. ನಿಮ್ಮ ಗೇಮಿನ ಡೌನ್‌ಲೋಡ್ ಶುರುವಿನಲ್ಲಿ ನಿಧಾನ ಇದ್ದು ಆಮೇಲೆ ಏರೋದು ಇದೇ ಗುಣದಿಂದ.

ಆಮೇಲೆ ಮೆಮೊರಿ ಅಗ್ಗವಾಯ್ತು. ಪೊಟ್ಟಣ ಕಳೆಯೋದೇ ಬೇಡ ಅಂತ ತಯಾರಕರು ಬಫರನ್ನು ದೊಡ್ಡದು ಮಾಡ್ತಾ ಹೋದರು. ಕಳೆಯದಿದ್ರೆ ಕಂಪ್ಯೂಟರಿಗೆ ಗದ್ದಲದ ಸುಳಿವೇ ಸಿಗೋದಿಲ್ಲವಲ್ಲ! ಅದು ಕಳಿಸ್ತಾನೇ ಇರ್ತದೆ, ಸರದಿ ಬೆಳೀತಾನೇ ಇರ್ತದೆ. 2010ರಲ್ಲಿ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯಿಂದ ದೊಡ್ಡ ಕಡತಗಳನ್ನು ಎಂಐಟಿಗೆ ಕಳಿಸುವಾಗ ಮನೆಯ ನೆಟ್ ತೆವಳೋದನ್ನು ಕಂಡು, ಬೆನ್ನು ಹತ್ತಿ ಹುಡುಕಿ, ಈ ರೋಗಕ್ಕೆ ‘ಬಫರ್‌ಬ್ಲೋಟ್’ ಅಂತ ಹೆಸರಿಟ್ಟರು. ಬಫರಿನ ಹೊಟ್ಟೆಯುಬ್ಬರ ಅನ್ನಿ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಹೊಸ ಉಪಾಯ ಕೊಟ್ಟರು: ಸರದಿ ಎಷ್ಟು ಉದ್ದ ಅಂತ ನೋಡಬೇಡ, ಪೊಟ್ಟಣ ಎಷ್ಟು ಹೊತ್ತು ಕಾಯ್ತು ಅಂತ ನೋಡು, ಬಹಳ ಹೊತ್ತಾದ್ರೆ ಒಂದನ್ನು ಕೈಬಿಟ್ಟು ಕಳಿಸುವವನಿಗೆ ಸುಳಿವು ಕೊಡು. ಅದಕ್ಕೆ ಇನ್ನೊಂದು ಸೇರಿ, ಪ್ರತಿಯೊಬ್ಬರಿಗೂ ಬೇರೆ ಸರದಿ ಮಾಡಿ ಒಂದೊಂದು ಪಾಳಿ ಕೊಡುವ ಪದ್ಧತಿ 2018ರಲ್ಲಿ ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಯಾಯ್ತು. ಶಾಣ್ಯಾ ಗಿರಣಿಯವ ಒಂದು ಚೀಲ ಗೋಧಿ ಬೀಸಿ, ನಡುವೆ ನಿಮ್ಮ ಡಬ್ಬಿ ಜೋಳ ಬೀಸಿಕೊಟ್ಟು ಮತ್ತೆ ಗೋಧಿಗೆ ಹೋಗ್ತಾನಲ್ಲ, ಅದೇ. ರೂಟರಿನ ಪುಟದಲ್ಲಿ ‘ಕ್ಯೂಓಎಸ್’ ಅಥವಾ ‘ಎಸ್‌ಕ್ಯೂಎಂ’ ಅಂತ ಇದ್ರೆ ಹಚ್ಚಿ ನೋಡಿ.

ಅದು ಇಲ್ಲದ ಅಗ್ಗದ ರೂಟರಿಗೂ ಒಂದು ದಾರಿ ಇದೆ. ಗೇಮ್ ಇಳಿಸುವ ಸ್ಟೀಮ್‌ನಂಥ ತಂತ್ರಾಂಶದಲ್ಲಿ ಡೌನ್‌ಲೋಡಿನ ವೇಗಕ್ಕೆ ಮಿತಿ ಹಾಕಬಹುದು. 50ರ ಲೈನಾದ್ರೆ 35ಕ್ಕೋ 40ಕ್ಕೋ ಕಟ್ಟಿಹಾಕಿ. ಸರದಿ ಕಟ್ಟೋದೇ ಇಲ್ಲ, ರೂಟರಿನ ಬಿಸಿಯೂ ಸ್ವಲ್ಪ ಇಳೀತದೆ, ಅಡಾಪ್ಟರಿನ ಮೇಲಿನ ಭಾರವೂ ಕಡಿಮೆ. ನಾಲ್ಕೂವರೆ ತಾಸಿನದ್ದು ಆರು ತಾಸಾದೀತು. ರಾತ್ರಿ ಹತ್ತಕ್ಕೆ ಹಚ್ಚಿದ್ರೆ ಬೆಳಗಾಗೋದ್ರೊಳಗೆ ಮುಗೀತದೆ, ಗಾಳಿಯೂ ತಂಪಿರ್ತದೆ. ಹಗಲು ಅರ್ಜಿಯ ಕೆಲಸ ಇದ್ದವರಿಗೆ ಇದಕ್ಕಿಂತ ಸುಲಭದ ರಾಜಿ ನನಗೆ ಕಾಣೋದಿಲ್ಲ.

ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫ್ಯಾನ್ ಹಚ್ಚಿ, ಅಡಾಪ್ಟರನ್ನೂ ಬದಲಿಸಿ, ವೇಗವನ್ನೂ ಇಳಿಸಿದ್ರೆ ರೂಟರ್ ಸರಿಯಾದೀತು, ಆದರೆ ಯಾವುದರಿಂದ ಸರಿಯಾಯ್ತು ಅಂತ ಯಾರೂ ಹೇಳಲಾರರು. ದಿನಾಂಕ, ಹೊತ್ತು, ಕೋಣೆಯ ತಾಪಮಾನ, ಏನು ಬದಲಿಸಿದೆ, ಎಷ್ಟು ನಿಮಿಷಕ್ಕೆ ಬಿತ್ತು, ಯಾವ ದೀಪ ಹೇಗಿತ್ತು, ಇಷ್ಟನ್ನು ವಹಿಯಲ್ಲಿ ಗೆರೆ ಹೊಡೆದು ಬರೀರಿ. ವೈಫೈ ಬಿಟ್ಟು ಲ್ಯಾನ್ ಕೇಬಲಿನಿಂದಲೂ ಒಂದು ಸಲ ಇಳಿಸಿ ನೋಡಿ. ಕೇಬಲಿನಲ್ಲಿ ತಡೆದು ವೈಫೈಯಲ್ಲಿ ಮಾತ್ರ ಬಿದ್ರೆ, ರೇಡಿಯೋದ ಹೆಚ್ಚುವರಿ ಬಿಸಿ ಅಥವಾ ಎಳೆತದ ಕಡೆ ಬೆರಳು ತೋರಿಸ್ತದೆ.

ಇಷ್ಟೆಲ್ಲ ಮಾಡಿಯೂ ಬೀಳ್ತಾನೇ ಇದ್ರೆ ಆಗ ಲೈನಿನವರನ್ನು ಕರೀರಿ. ನಮ್ಮ ಕಡೆ ಬರುವವರು ಬಹುತೇಕ ಮರಾಠಿ ಮಾತಾಡ್ತಾರೆ, ಬಂದ ಕೂಡಲೇ ‘ಬಂದ್ ಕರೂನ್ ಚಾಲೂ ಕರಾ’ ಅಂತಾರೆ. ಆಗ ಸುಮ್ಮನೆ ‘ನೆಟ್ ಚಾಲತ್ ನಾಹಿ’ ಅನ್ನಬೇಡಿ. ವಹಿ ತೆಗೆದು, ಬೇರೆ ಅಡಾಪ್ಟರ್ ಹಾಕಿ ನೋಡಿದ್ದು, ಫ್ಯಾನಿನ ಎದುರೂ 20 ನಿಮಿಷಕ್ಕೇ ಬಿದ್ದದ್ದು, ಆಗ ‘ಎಲ್‌ಓಎಸ್’ ಕೆಂಪು ಹತ್ತಿರಲಿಲ್ಲ ಅನ್ನೋದು, ಈ ಮೂರನ್ನು ತೋರಿಸಿ ಹೇಳಿ.